ಸಾಲಿನ ಕೊನೆಯಲ್ಲಿ ನಡೆಯುವವರು

ಮೈಸೂರಿನ ನಮ್ಮ ಚಾರಣದ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಬೆಟ್ಟ ಹತ್ತುವಾಗ ಎಲ್ಲರಿಗಿಂತ ಹೆಚ್ಚು ಅನುಭವ ಇದ್ದವರು ಸಾಲಿನ ಕೊನೆಯಲ್ಲಿ ನಡೆಯಬೇಕು. ಮುಂದೆ ಯಾರಾದರೂ ಹೋಗಲಿ, ಮುಂದೆ ಓಡುವ ಚಪಲ ಯಾರಿಗಿರುವುದಿಲ್ಲ? ಹಿಂದಿರುವವರ ಕೆಲಸ ಬೇರೆ. ಬೂಟಿನ ಅಟ್ಟೆ ಕಿತ್ತುಕೊಂಡವರು, ಏದುಸಿರು ಬಿಡುವವರು, ಮನೆಯಲ್ಲಿ ಜಗಳವಾಡಿ ಮುಖ ಊದಿಸಿಕೊಂಡು ಬಂದವರು, ಎಲ್ಲರೂ ಒಬ್ಬೊಬ್ಬರಾಗಿ ಜಾರಿ ಜಾರಿ ಅವರ ಬಳಿಗೇ ಬರುತ್ತಾರೆ. ಕೊನೆಯವರು ನಿಂತರೆ ಇಡೀ ಸಾಲು ನಿಲ್ಲಬೇಕು. ಇಳಿಯೋಣ ಅಂದರೆ ಇಳಿಯಬೇಕು, ತುದಿ ಇನ್ನು ಹತ್ತೇ ಮಾರು ಉಳಿದಿದ್ದರೂ ಸರಿಯೆ. ಕ್ಲಬ್ಬಿನ ಕಾರ್ಯದರ್ಶಿ ಕೆಲಸವೂ ಆ ಜಾಗಕ್ಕೇ ಅಂಟಿಕೊಂಡಿತ್ತು.

ಪದ್ಧತಿ ಹಾಕಿದವರು ಕ್ಲಬ್ಬು ಕಟ್ಟಿದ ಡ್ರಿಲ್ ಮೇಷ್ಟ್ರು. ತೊಂಬತ್ತರ ದಶಕದ ಮೊದಲಲ್ಲಿ ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ, ಗುರುತಿದ್ದವರನ್ನೆಲ್ಲ ಭಾನುವಾರ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಕರೆಯುತ್ತಿದ್ದರು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಅವರ ಪದ್ಧತಿ ನನಗೆ ಕೇಳಿದ ಕೂಡಲೇ ಹಿಡಿಸಿತು. ನಮ್ಮ ತಾತ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದವರು. ದಾಸೋಹದ ದಿನ ನಾನು ಹಸಿವು ಅಂತ ರಾಗ ತೆಗೆದರೆ, "ಬಡಿಸೋರ ಮನೆಯವಳು ನೀನು. ಪಂಕ್ತಿ ಏಳಲಿ, ಆಮೇಲೆ ನಮ್ಮ ಊಟ ಕಣವ್ವ" ಅನ್ನುತ್ತಿದ್ದರು. ಮೇಷ್ಟ್ರು ಹೇಳಿದ್ದೂ ಅದೇ ಮಾತು, ಬೆಟ್ಟದ ಮೇಲೆ.

ಅವರ ಮಂಡಿ ಕೈಕೊಟ್ಟ ವರ್ಷ ನನ್ನನ್ನು ಕರೆದು, "ಸ್ವಲ್ಪ ದಿನ ಹಿಂದುಗಡೆ ನೀನು ನೋಡ್ಕೋಮ್ಮ" ಎಂದರು. ಆ ಸ್ವಲ್ಪ ದಿನ ಮುಗಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡು, ಶತಮಾನವೂ ಮಗ್ಗುಲು ಬದಲಿಸಿ, ನನ್ನ ತಲೆ ಅರ್ಧ ನೆರೆತಿತ್ತು.

ಬೆಟ್ಟ ಹತ್ತುವುದು ಆಯಾಸವಲ್ಲ. ಬೆಟ್ಟದ ಬುಡಕ್ಕೆ ಜನರನ್ನು ತರುವುದೇ ಆಯಾಸ. ಶನಿವಾರ ಶಾಲೆ ಮುಗಿಸಿ ಬಂದು ಫೋನಿನ ಮುಂದೆ ಕೂತರೆ ಅನ್ನ ಆರಿ ತಣ್ಣಗಾಗುತ್ತಿತ್ತು. ಒಬ್ಬರಿಗೆ ನೆಂಟರು, ಒಬ್ಬರಿಗೆ ನೆಗಡಿ. ದಟ್ಟಗಳ್ಳಿ ಕಡೆ ಸೈಟು ಕೊಂಡವರಿಗೆ ಭಾನುವಾರವೆಂದರೆ ಹೊಸ ಗೋಡೆಗೆ ನೀರು ಹೊಡೆಯುವ ದಿನ. ಹೊಸಬರಿಗೆ ಟೆಂಟು ಹಾಕಲು, ಹಗ್ಗದ ಗಂಟು ಕಟ್ಟಲು ಕಲಿಸುತ್ತಿದ್ದ ಮಂಡಕಳ್ಳಿಯ ಬಯಲಿಗೂ ವಿಮಾನ ನಿಲ್ದಾಣದ ಬೇಲಿ ಬರುತ್ತದೆಂದು ಸುದ್ದಿಯಾಗಿತ್ತು. ಬರುವವರು ಕಡಿಮೆಯಾದಷ್ಟೂ ನನ್ನ ಫೋನು ಹೆಚ್ಚಾಯಿತು. ಭಾನುವಾರ ಸಂಜೆ ಬಂದು ಚಾಪೆ ಹಾಸಿಕೊಂಡರೆ ಕಾಲಿಗಿಂತ ಮೊದಲು ನಾಲಿಗೆ ನೋಯುತ್ತಿತ್ತು.

ನಜರ್‌ಬಾದಿನಲ್ಲಿ ಸೈಕಲ್ ಶಾಪಿನ ಮೇಲಿನ ಒಂದು ಕೋಣೆಯಲ್ಲಿ ಗುರುವಾರ ಸಂಜೆ ಸೇರುತ್ತಿದ್ದೆವು. ವರ್ಷಕ್ಕೊಮ್ಮೆ ಅಲ್ಲೇ ದೊಡ್ಡ ಸಭೆ: ಕ್ಲಬ್ಬು ಮುಂದೇನು ಮಾಡಬೇಕು ಅಂತ. ಆ ವರ್ಷ ಟೀ ಶರ್ಟಿನ ಬಣ್ಣದ ಚರ್ಚೆ ಹತ್ತಿ, ಕಡು ನೀಲಿ ಹೆಚ್ಚೋ ಎಲೆ ಹಸಿರು ಹೆಚ್ಚೋ ಅನ್ನುವುದರಲ್ಲಿ ತಂದಿದ್ದ ಬೋಂಡವೆಲ್ಲ ಖಾಲಿಯಾಯಿತು. ಕೊನೆಗೆ ನಾನು ಎದ್ದು, "ನನಗೆ ಸಾಕಾಗಿದೆ ಕಣ್ರಪ್ಪ. ಈ ಸಲ ಯಾರಾದ್ರೂ ವಹಿಸಿಕೊಳ್ಳಿ" ಎಂದೆ. ಪ್ರತಿ ವರ್ಷ ಅನ್ನುತ್ತಿದ್ದ ಮಾತೇ. ಪ್ರತಿ ವರ್ಷದಂತೆ ಎಲ್ಲರೂ ಸೀಲಿಂಗ್ ಫ್ಯಾನು ನೋಡಿದರು. ಆಮೇಲೆ, ಕ್ಲಬ್ಬಿನ ಮಾತುಗಾರನೂ ಬ್ಯಾಂಕಿನಲ್ಲಿ ಗುಮಾಸ್ತನೂ ಆಗಿದ್ದವನು, "ಅಕ್ಕ ಇರೋವಾಗ ಬೇರೆಯವರ ಮಾತ್ಯಾಕೆ? ಚಪ್ಪಾಳೆ ಹೊಡೀರ್ರೀ" ಅಂದ. ಹೊಡೆದರು.

ನನಗೆ ರೇಗಲಿಲ್ಲ. ರೇಗುವುದಕ್ಕೂ ತ್ರಾಣ ಬೇಕು. "ಬರೋ ಭಾನುವಾರ ನಾನು ಬರಲ್ಲ. ನೀವೇ ಹೋಗ್ಬನ್ನಿ" ಅಂದು ಮೆಟ್ಟಿಲಿಳಿದೆ. ನಾನಿಲ್ಲದೆ ಒಂದು ಸಲ ಬೆಟ್ಟ ಹತ್ತಿ ಇಳಿದರೆ, ಕ್ಲಬ್ಬು ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಇಲ್ಲವಾದರೆ ಬಾಗಿಲು ಹಾಕುವುದೇ ಸರಿ. ಹಾಗಂತ ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಮನೆಗೆ ಬಂದೆ.

ಆ ಭಾನುವಾರ ಏಳುವ ಹಂಗಿಲ್ಲದೆ ಮಲಗಿದ್ದೆ. ಬಿಸಿಲು ಕಿಟಕಿಗೆ ಬಂದಿತ್ತು. ಅತ್ತೆ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಬಂದು ಹೊದಿಕೆ ಎಳೆದರು.

"ಏಳಮ್ಮ ಏಳು, ನಿನ್ನ ದಂಡು ಬಂದ್ಬುಟ್ಟದೆ!"

ಹೊರಗೆ ಬಂದು ನೋಡುತ್ತೇನೆ, ಇಡೀ ಕ್ಲಬ್ಬು ನಮ್ಮ ಜಗಲಿಯ ಮೇಲಿದೆ. ಎಲ್ಲರ ಕಾಲಲ್ಲಿ ಬೂಟು, ಬೆನ್ನಿಗೆ ಚೀಲ. ಒಬ್ಬರ ಕೈಯಲ್ಲಿ ಎಳನೀರು, ಇನ್ನೊಬ್ಬರ ಕೈಯಲ್ಲಿ ಬ್ರೆಡ್ಡು, ಮೂಸಂಬಿ. ಬಸ್ ಸ್ಟ್ಯಾಂಡಿನಲ್ಲಿ ಸೇರಿ, ಎರಡು ಬಸ್ಸು ಬಿಟ್ಟು, ಬೆಟ್ಟದ ಬದಲು ನಮ್ಮ ಮನೆ ಮೆಟ್ಟಿಲು ಹತ್ತಿ ಬಂದಿದ್ದರು.

"ಅಕ್ಕ, ಯಾರು ಏನಂದ್ರು ಹೇಳ್ಬಿಡಿ," ಬ್ಯಾಂಕಿನವನು ಶುರು ಮಾಡಿದ. "ಟೀ ಶರ್ಟ್ ವಿಷಯಕ್ಕೆ ಬೇಜಾರಾಗಿದ್ರೆ ನೀವು ಹೇಳಿದ ಬಣ್ಣಾನೇ ಮಾಡಿಸೋಣ."

"ನಾನ್ಯಾವ ಬಣ್ಣಾನೂ ಹೇಳಿಲ್ಲವಲ್ಲೋ!"

"ನಿಮ್ಮನ್ನ ಕೇಳ್ಲೇ ಇಲ್ಲ. ಅದಕ್ಕೇ ಅಲ್ವಾ ಬೇಜಾರು?"

ಅತ್ತೆಗೆ ತಡೆಯಲಾಗಲಿಲ್ಲ. "ಹೋಗ್ಬನ್ನಿ ಅಂತ ಬಾಯ್ಬಿಟ್ಟು ಹೇಳಿದ್ಲಂತೆ. ಹೋಗೋದಲ್ವೇನ್ರಪ್ಪ? ಅದೆಂಗೆ ಇಷ್ಟು ಓದ್ಕೊಂಡ್ರಿ ನೀವೆಲ್ಲ?"

ಎಳನೀರು ಹಿಡಿದಿದ್ದ ಹಿರಿಯ ಸದಸ್ಯರು ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟರು. "ಅಮ್ಮಾ, ನಮ್ಮನೇಲಿ ನಮ್ಮವಳು 'ನೀವು ಹೋಗ್ಬನ್ನಿ, ನಾನು ಬರಲ್ಲ' ಅಂದ್ರೆ ನಾನು ಹೊಸಲು ದಾಟಲ್ಲ. ದಾಟಿದ್ರೆ ಮುಗೀತು."

ಮೈಸೂರಿನ ಮರ್ಯಾದೆಗೆ ಮದ್ದಿಲ್ಲ ಅಂತ ಅನ್ನಿಸಿತು. ಇಷ್ಟು ಜನ ಮನೆ ಬಾಗಿಲಿಗೆ ಬಂದ ಮೇಲೆ ಬರಿಗೈಯಲ್ಲಿ ಕಳಿಸಲಾಗುತ್ತದೆಯೇ? ದೊಡ್ಡ ಬಾಣಲೆ ಇಳಿಸಿ ರವೆ ಹುರಿಯಲು ನಿಂತೆ. ವಿಶ್ರಾಂತಿಯ ಭಾನುವಾರ ಉಪ್ಪಿಟ್ಟಾಯಿತು.

ನಮ್ಮಲ್ಲಿ ಒಬ್ಬಳು ಲ್ಯಾಬ್ ಟೆಕ್ನಿಷಿಯನ್ ಇದ್ದಳು. ಮೂವತ್ತರ ಆಸುಪಾಸು. ಸಭೆಯಲ್ಲಿ ಬಾಯಿ ಬಿಡದವಳು, ನಡಿಗೆಯಲ್ಲಿ ಯಾವಾಗಲೂ ನನಗಿಂತ ಒಂದೇ ಹೆಜ್ಜೆ ಮುಂದೆ ಇರುತ್ತಿದ್ದವಳು. ಅವಳು ಈರುಳ್ಳಿ ಹೆಚ್ಚಿಕೊಡಲು ಒಳಗೆ ಬಂದಳು. ಈಳಿಗೆಮಣೆಯಿಂದ ತಲೆ ಎತ್ತದೆ ಕೇಳಿದಳು: "ಮೇಡಂ, ನಿಮಗೆ ನಿಜವಾಗ್ಲೂ ಸಾಕಾಗಿದೆಯಾ?"

"ಸಾಕಾಗಿದೆ ಅಂತ ಪ್ರತಿ ವರ್ಷ ಬಡ್ಕೋತಿದೀನಲ್ಲಮ್ಮ. ಯಾರಾದ್ರೂ ಬನ್ನಿ ಅಂತ."

"ಯಾರಾದ್ರೂ ಅಂದ್ರೆ ಯಾರು ಏಳ್ತಾರೆ ಮೇಡಂ? ನೀವಿರೋವಾಗ ನಿಮ್ಮ ಹಿಂದೆ ಹೋಗಿ ನಡೆದ್ರೆ, ನೋಡು, ಇವಳಿಗೆ ಎಷ್ಟು ಕೊಬ್ಬು ಅನ್ನಲ್ವಾ? ಮೇಷ್ಟ್ರು ನಿಮ್ಮನ್ನ ಯಾರಾದ್ರೂ ಅಂತ ಕರೆದಿದ್ರಾ?"

ಸೌಟು ಕೈಯಲ್ಲೇ ನಿಂತಿತು. ಇಲ್ಲ, ಅವರು ನನ್ನನ್ನೇ ಕರೆದಿದ್ದರು. ಈ ಊರಿನಲ್ಲಿ ಹಸಿದವರೂ ಎರಡು ಸಲ ಬೇಡ ಅಂದ ಮೇಲೇ ಎಲೆಗೆ ಹಾಕಿಸಿಕೊಳ್ಳುವುದು. ಹೆಸರು ಹಿಡಿದು, ಕೈ ಹಿಡಿದು ಕೂರಿಸಬೇಕು. ನಾನೋ, ಬಾಗಿಲಲ್ಲಿ ನಿಂತು ಹಸಿದವರು ಬನ್ನಿ ಅಂತ ಕೂಗುತ್ತಿದ್ದೆ.

"ನೀನು ಬರ್ತೀಯಾ?" ಎಂದೆ.

"ಅಯ್ಯೋ, ನನ್ನ ಕೈಲಿ ಎಲ್ಲಾಗುತ್ತೆ ಮೇಡಂ."

"ಬರ್ತೀಯೇನೇ?"

ಅವಳು ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡು ಹೂಂ ಅಂದಳು.

ಉಪ್ಪಿಟ್ಟು ಬಡಿಸುತ್ತಾ ಜಗಲಿಯಲ್ಲೇ ಹೇಳಿದೆ, ಮುಂದಿನ ಭಾನುವಾರದಿಂದ ಕೊನೆಯಲ್ಲಿ ನಡೆಯುವವಳು ಇವಳು ಎಂದು. ಬ್ಯಾಂಕಿನವನು ತುತ್ತು ನುಂಗಿ, "ಆಗ್ಲಿ ಅಕ್ಕ, ಹೇಗೂ ನೀವು ಪಕ್ಕದಲ್ಲಿ ಇದ್ದೇ ಇರ್ತೀರಲ್ಲ" ಅಂದ.

"ಪಕ್ಕದಲ್ಲೂ ಇಲ್ಲ, ಗಿಕ್ಕದಲ್ಲೂ ಇಲ್ಲ," ಒಳಗಿಂದ ಅತ್ತೆಯ ದನಿ. "ಸೊಸೆ ಕೈಗೆ ಸೌಟು ಕೊಟ್ಟ ಮೇಲೆ ಅತ್ತೆಯಾದೋಳು ಒಲೆ ಮುಂದೆ ನಿಲ್ಲಬಾರದು ಕಣಪ್ಪ. ನಾನು ನಿಂತಿದ್ದೆ. ಎಂಗಿತ್ತು ಅಂತ ಇವಳ್ನೇ ಕೇಳು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಪಾತ್ರೆ ತೊಳೆಯುವಾಗ ಯೋಚನೆ ಹತ್ತಿತು: ನನಗೆ ನಿಲ್ಲದೆ ಇರಲು ಬರುತ್ತದೆಯೇ?

ಮುಂದಿನ ಭಾನುವಾರ ಕುಂತಿ ಬೆಟ್ಟ. ನಾನು ಸಾಲಿನ ನಡುವೆ. ನಡುವೆ ನಡೆಯುವುದು ನನಗೆ ಅಭ್ಯಾಸವೇ ಇರಲಿಲ್ಲ. ಹಿಂದಿನಿಂದ ಕಲ್ಲು ಸರಿದ ಸದ್ದು ಕೇಳಿದರೆ ಕತ್ತು ತಾನಾಗಿ ತಿರುಗುತ್ತಿತ್ತು. ಬಲವಂತವಾಗಿ ಮುಂದಿನವರ ಚೀಲದ ಮೇಲೆ ಕಣ್ಣು ನೆಟ್ಟೆ. ಬಂಡೆಗಳು ಆಗಲೇ ಕಾದಿದ್ದವು. ಯಾರನ್ನೂ ಕಾಯುವ ಕೆಲಸವಿಲ್ಲದ್ದಕ್ಕೋ ಏನೋ, ಇಷ್ಟು ವರ್ಷ ದೂರ ನಿಂತಿದ್ದ ದಣಿವೆಲ್ಲ ಒಮ್ಮೆಲೇ ಬಂದು ಹೆಗಲ ಮೇಲೆ ಕೂತಿತು. ಬೆವರು ಒರೆಸುವ ನೆಪದಲ್ಲಿ ಒಂದು ಬಂಡೆಗೆ ಕೈಯೂರಿ ನಿಂತೆ.

"ಮೇಡಂ, ಸುಸ್ತಾಯ್ತಾ?" ಹಿಂದಿನಿಂದ ಅವಳ ದನಿ.

ಏನಿಲ್ಲ, ನಡೀರಿ ನಡೀರಿ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅದೊಂದು ಮಾತು ಅಂದಿದ್ದರೆ ಸಾಲು ನಡೆಯುತ್ತಿತ್ತು, ನನ್ನ ಮಾತಿನ ಮೇಲೆ, ಮೊದಲಿನ ಹಾಗೇ.

"ಹೂಂ ಕಣಮ್ಮ," ಎಂದೆ. "ಆಗಿದೆ. ತುಂಬಾ ಆಗಿದೆ."

"ಎಲ್ರೂ ಕೂತ್ಕೊಳ್ಳಿ," ಎಂದಳು ಅವಳು. ದೊಡ್ಡ ದನಿಯೇನಲ್ಲ.

ಮುಂದೆ ಹೋಗಿದ್ದ ಬ್ಯಾಂಕಿನವನು ಗೊಣಗಿದ: "ಇನ್ನೂ ಅರ್ಧಾನೂ ಹತ್ತಿಲ್ವಲ್ರೀ!"

"ಬೆಟ್ಟ ಎಲ್ಲೂ ಓಡಿಹೋಗಲ್ಲ. ಕೂತ್ಕೊಳ್ರೀ ಸಾಕು. ಬಿಸಿಲು ಇಳೀದಿದ್ರೆ ಇವತ್ತು ಇಲ್ಲಿಂದಾನೇ ವಾಪಸ್."

ಅವನು ಇನ್ನೇನೋ ಹೇಳಹೊರಟವನು ಅವಳ ಕಡೆ ನೋಡಿದ, ಚೀಲ ಇಳಿಸಿದ, ಕೂತ. ಉಳಿದವರೂ ಅಲ್ಲಲ್ಲೇ ನೆರಳು ಹುಡುಕಿಕೊಂಡು ಕೂತರು. ಸೌತೆಕಾಯಿ ಹೆಚ್ಚಿದ ಡಬ್ಬಿಯೊಂದು ಕೈಯಿಂದ ಕೈಗೆ ದಾಟಿ ಬಂತು. ಒಂದು ಹೋಳು ತೆಗೆದುಕೊಂಡು, ಬೂಟು ಬಿಚ್ಚಿ, ಕಾಲು ಚಾಚಿದೆ. ಕೂರಬೇಕೋ ಬೇಡವೋ ಅಂತ ಯಾರೊಬ್ಬರೂ ನನ್ನ ಮುಖ ನೋಡಲಿಲ್ಲ.