ತಿರುಗಿ ನಿಂತ ಬಾಣಗಳು

ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸಿತ್ತು. ನಾನು, ನನ್ನ ಗಂಡ ಇಬ್ಬರೂ ಸಿವಿಲ್ ಡಿಪ್ಲೊಮಾ ಓದಿದವರು. ಮನೆ, ಅಂಗಡಿ, ಛತ್ರಗಳಿಗೆ ಪ್ಲಾನ್ ಬರೆದುಕೊಡುವುದು ಕೆಲಸ. ಕೆಳಗೆ ಕೊಬ್ಬರಿ ಸುರಿಯುವ ಸದ್ದು, ಅದರ ಎಣ್ಣೆವಾಸನೆ ದಿನವಿಡೀ ಮೆಟ್ಟಿಲು ಹತ್ತಿ ಬರುತ್ತಿದ್ದವು. ಮದುವೆಯಾದ ಹೊಸದರಲ್ಲಿ ನನಗೆ ತಲೆನೋವು ತರಿಸುತ್ತಿದ್ದ ಆ ವಾಸನೆ, ಆಮೇಲಾಮೇಲೆ ಇದೆಯೋ ಇಲ್ಲವೋ ಎಂದೇ ತಿಳಿಯುತ್ತಿರಲಿಲ್ಲ.

ಅವರು ಡ್ರಾಯಿಂಗ್ ಬೋರ್ಡಿನಲ್ಲಿ ಕೈ ಪಳಗಿಸಿಕೊಂಡವರು. ಗೋಡೆ, ಕಿಟಕಿಗಳನ್ನು ನನಗೆ ಬಿಟ್ಟು, ಚರಂಡಿ ಪೈಪುಗಳನ್ನು ಮಾತ್ರ ತಾವೇ ಬರೆಯುತ್ತಿದ್ದರು. ಕಟ್ಟಡದಲ್ಲಿ ಯಾರ ಕಣ್ಣಿಗೂ ಬೀಳದ ಭಾಗದ ಮೇಲೆ ಅವರಿಗೆ ವಿಪರೀತ ಪ್ರೀತಿ. "ನೀರು ಎಲ್ಲಿಂದ ಹೊರಡುತ್ತೋ ಅಲ್ಲಿಂದಲೇ ಗೆರೆ ಎಳೀಬೇಕು ಕಣೇ. ಆಗ ವಾಟ ತಪ್ಪಲ್ಲ" ಅನ್ನುತ್ತಿದ್ದರು. ವಾಟ ಅಂದರೆ ಪೈಪಿಗೆ ಕೊಡುವ ಇಳಿಜಾರು. ಬಚ್ಚಲಿನಿಂದ ಶುರುವಾದ ಅವರ ಪೆನ್ಸಿಲ್ಲು ಛೇಂಬರಿನ ಗುಂಡಿ ಹಾದು ಹೊರಗಿನ ಸೆಪ್ಟಿಕ್ ಟ್ಯಾಂಕಿಗೆ ಹೋಗಿ ನಿಲ್ಲುತ್ತಿತ್ತು. ನಡುವೆ ಕೈ ಎತ್ತುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾವೂ ಕಂಪ್ಯೂಟರ್ ತಂದೆವು. ಅದರಲ್ಲಿ ಹಾಕಿಸಿದ ಪ್ಲಾನ್ ಬರೆಯುವ ಸಾಫ್ಟ್‌ವೇರಿನಲ್ಲಿ ಒಂದು ಸೊಗಸಿತ್ತು. ಪೈಪಿನ ಗೆರೆ ಎಳೆದು ವಾಟ ಎಷ್ಟೆಂದು ಹೇಳಿದರೆ ಸಾಕು, ಗೆರೆಯ ಪಕ್ಕದಲ್ಲಿ ಅದೇ ಅಂಕಿ ಬರೆದು, ನೀರು ಹೋಗುವ ದಿಕ್ಕಿಗೆ ಬಾಣದ ಗುರುತು ಹಾಕಿಬಿಡುತ್ತಿತ್ತು. ಆದರೆ ಮೊದಲನೇ ವಾರ ಎಲ್ಲ ಪೈಪುಗಳ ಮೇಲೂ ಸೊನ್ನೆ ಬಂತು. ನೀರು ಹರಿಯುವುದೇ ಇಲ್ಲ ಎನ್ನುವ ಹಾಗೆ. ಊಟವನ್ನೂ ಮರೆತು ಇಬ್ಬರೂ ತಡಕಾಡಿದೆವು. ವಾಟದ ಲೆಕ್ಕ ಬಲು ಸಣ್ಣದು. ಸಾಫ್ಟ್‌ವೇರು ದಶಾಂಶದ ಅಂಕಿಗಳನ್ನು ಕೈಬಿಟ್ಟು ಸೊನ್ನೆ ತೋರಿಸುತ್ತಿದೆ ಎಂದು ಕಂಡುಹಿಡಿದವರು ಅವರೇ. ಒಂದು ಸೆಟ್ಟಿಂಗ್ ಬದಲಿಸಿದ ಕೂಡಲೇ ಪರದೆಯ ತುಂಬ ಅಂಕಿಗಳು ಮೂಡಿದವು. ಅವರು ಚಿಕ್ಕ ಹುಡುಗನ ಹಾಗೆ ಮೆಟ್ಟಿಲಿಳಿದು ಓಡಿ, ಬಿಸಿ ಬೋಂಡಾ ಕಟ್ಟಿಸಿಕೊಂಡು ಬಂದರು. ಕೀಬೋರ್ಡಿಗೆಲ್ಲ ಎಣ್ಣೆ ಮೆತ್ತಿತು.

ಕೆಲವು ವರ್ಷಗಳ ನಂತರ, ನಮ್ಮೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹಳೇಬೀಡಿನಲ್ಲಿ ಲಾಡ್ಜ್ ಕಟ್ಟಲು ಹೊರಟರು. ದೇವಸ್ಥಾನ ನೋಡಲು ಬರುವ ಪ್ರವಾಸಿಗಳಿಗೆಂದು ಪ್ರತಿ ಕೋಣೆಗೂ ಬಚ್ಚಲು, ಕಕ್ಕಸು. ನಮ್ಮ ಮಟ್ಟಿಗೆ ಅದು ದೊಡ್ಡ ಕೆಲಸ. ಪೈಪುಗಳ ನಕ್ಷೆಯನ್ನು ಅವರು ಬಹಳ ದಿನ ಕೂತು ಮಾಡಿದರು. ಯಾಕೆ ಅಷ್ಟು ದಿನ ಹಿಡಿಯಿತು ಎಂದು ನಾನು ಯೋಚಿಸಲಿಲ್ಲ. ಪ್ರಿಂಟು ಸೈಟಿಗೆ ಹೋದ ಮಾರನೇ ದಿನ ಅಲ್ಲಿನ ಮೇಸ್ತ್ರಿ ಫೋನ್ ಮಾಡಿದ.

"ಅಕ್ಕೋರೆ, ಇದೇನ್ ಹಿಂಗ್ ಬರ್ದಿದ್ದೀರಾ? ಬಾಣ ಎಲ್ಲಾ ಉಲ್ಟಾ ಐತೆ. ಟ್ಯಾಂಕಿನ್ ನೀರು ಬಚ್ಚಲಿಗೆ ಬತ್ತದಾ?" ಅವನು ನಗುತ್ತಿದ್ದ. ನಾನೂ ನಕ್ಕೆ.

ಹಾಳಾದ ಸಾಫ್ಟ್‌ವೇರು ಎಂದು ಬೈದುಕೊಂಡು ಕೆಲಸಕ್ಕೆ ಕೂತೆ. ಬಾಣದ ಗುರುತೇ ಹಿಂದುಮುಂದಾಗಿ ಸೇವ್ ಆಗಿದೆಯೇ ಎಂದು ನೋಡಿದೆ. ಇಲ್ಲ. ಒಂದು ಸಾಲಿನ ಕೋಣೆಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಇನ್ನೊಂದು ಸಾಲು ಮಾಡಿದ್ದೆವಲ್ಲ, ಅದರಿಂದೇನಾದರೂ ಆಯಿತೇ? ಅದೂ ಅಲ್ಲ, ಎರಡೂ ಸಾಲಿನಲ್ಲಿ ಬಾಣಗಳು ತಪ್ಪಾಗಿದ್ದವು. ಸಾಫ್ಟ್‌ವೇರನ್ನು ಅಳಿಸಿ ಮತ್ತೆ ಹಾಕಿಸಿದ್ದಾಯಿತು. ಕೊನೆಗೆ ಅದನ್ನು ಮಾರಿದ್ದ ಬೆಂಗಳೂರಿನ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡಳು.

"ಮೇಡಂ, ಬಾಣ ತಾನಾಗಿ ತಿರುಗಲ್ಲ. ನೀವು ಗೆರೆ ಎಲ್ಲಿ ಶುರು ಮಾಡ್ತೀರೋ ಅಲ್ಲಿಂದ ಎಲ್ಲಿ ಮುಗಿಸ್ತೀರೋ ಆ ಕಡೆಗೆ ತೋರಿಸುತ್ತೆ, ಅಷ್ಟೇ. ಯಾರೋ ಟ್ಯಾಂಕಿನಿಂದ ಶುರು ಮಾಡಿದ್ದಾರೆ ನೋಡಿ."

ಫೋನ್ ಇಟ್ಟು ನಾನೇ ಒಂದು ಗೆರೆ ಎಳೆದೆ. ಬಾಣ ಸರಿಯಾಗಿ ಬಂತು. ಇನ್ನೊಂದು ಎಳೆದೆ. ಅದೂ ಸರಿ.

"ರೀ, ನೀವೇನಾದ್ರೂ ಟ್ಯಾಂಕಿನಿಂದ ಎಳೆದ್ರಾ?"

ಅವರಿಗೆ ಸಿಟ್ಟು ಬಂತು. "ನಾನಾ? ಟ್ಯಾಂಕಿನಿಂದಾನಾ? ಬಾ ಇಲ್ಲಿ, ಪಕ್ಕದಲ್ಲಿ ಕೂತು ನೋಡು."

ಕುರ್ಚಿ ಎಳೆದುಕೊಂಡು ಕೂತೆ. ಹೊರಗೆ ಮಧ್ಯಾಹ್ನದ ಬಿಸಿಲು, ಕೆಳಗೆ ಲಾರಿಗೆ ಮೂಟೆ ಏರಿಸುವವರ ಕೂಗು. ಅವರು ಮೌಸ್ ಹಿಡಿದು, "ನೋಡು, ಬಚ್ಚಲಿಂದ ಹೊರಟೆ" ಎಂದರು. ಮೌಸಿನ ಗುರುತು ಪರದೆಯ ಮೇಲೆ ಸ್ವಲ್ಪ ಹೊತ್ತು ಅಲೆದಾಡಿ, ಟ್ಯಾಂಕಿನ ಮೇಲೆ ಹೋಗಿ ನಿಂತಿತು. ಅಲ್ಲಿ ಒತ್ತಿದರು. ನಿಧಾನವಾಗಿ ಗೆರೆಯನ್ನು ಛೇಂಬರಿನ ಮೇಲೆ ಹಾಯಿಸಿ ಬಚ್ಚಲಿಗೆ ತಂದು ಮುಗಿಸಿದರು. "ಟ್ಯಾಂಕಿಗೆ ಬಂತು. ಸರಿಯಾಗಿದೆ ತಾನೆ?"

ತಮಾಷೆ ಮಾಡುತ್ತಿದ್ದಾರೆ ಎಂದು ಅವರ ಮುಖ ನೋಡಿದೆ. ಮುಖದಲ್ಲಿ ತಮಾಷೆ ಇರಲಿಲ್ಲ.

"ಈ ಪೈಪಿಗೆ ಒಟ್ಟು ಎಷ್ಟು ಇಳೀಬೇಕು ಹೇಳಿ" ಎಂದೆ. ಇಂಥ ಲೆಕ್ಕವನ್ನು ಅವರು ನಡೆದಾಡುತ್ತಲೇ ಹೇಳಿಬಿಡುವವರು. ಈಗ ಪರದೆಯನ್ನೇ ನೋಡುತ್ತಾ ಕೂತರು. ತುಟಿ ಅಲ್ಲಾಡಿತು, ಅಂಕಿ ಹೊರಡಲಿಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸತೊಡಗಿದರು. ಎಷ್ಟು ಹೊತ್ತಾದರೂ ಒರೆಸುತ್ತಲೇ ಇದ್ದರು.

ಹಾಸನದ ಡಾಕ್ಟರು ಅವರನ್ನು ಎದುರು ಕೂರಿಸಿಕೊಂಡು, "ಎಡಗೈಯಿಂದ ಬಲಗಿವಿ ಮುಟ್ಟಿ ನೋಡೋಣ" ಎಂದರು. ಅವರು ಬಲಗೈಯಿಂದ ಬಲಗಿವಿಯನ್ನೇ ಮುಟ್ಟಿ, ಉತ್ತರ ಸರಿಯೇ ಎಂದು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು. ಮೆದುಳಿನಲ್ಲಿ ಎಡಬಲಗಳ ತಿಳಿವಳಿಕೆ, ಅಂಕಿಗಳ ಲೆಕ್ಕ ಇರುವ ಜಾಗದಲ್ಲೇ ಅದು ಬೆಳೆದಿದೆ, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಬೇಕು ಎಂದರು ಡಾಕ್ಟರು. ಗುಣವಾಗುತ್ತದೆಯೇ ಎಂದು ಕೇಳಿದ್ದಕ್ಕೆ, "ಮೊದಲು ತೆಗೆಯೋಣ ಅಮ್ಮ" ಎಂದಷ್ಟೇ ಹೇಳಿದರು.

ಬೆಂಗಳೂರಿಗೆ ಹೊರಡುವ ಮೊದಲು ಹಳೇಬೀಡಿಗೆ ಹೋಗಬೇಕೆಂದು ಅವರು ಹಠ ಹಿಡಿದರು. ಅಷ್ಟರಲ್ಲಿ ನಾನು ನಕ್ಷೆ ತಿದ್ದಿ ಕಳಿಸಿದ್ದೆ. ಒಂದು ಸಾಲಿಗೆ ಪೈಪು ಕೂರಿಸಿಯೂ ಆಗಿತ್ತು. ಬಸ್ಸಿಳಿದು ನಡೆಯುವಾಗ ಅವರು ನನ್ನ ತೋಳು ಹಿಡಿದುಕೊಂಡಿದ್ದರು. ಊರಿನಲ್ಲಿ ಹಾಗೆಂದೂ ಹಿಡಿದವರಲ್ಲ. ಮೇಸ್ತ್ರಿಗೆ ವಿಷಯ ಗೊತ್ತಾಗಿತ್ತು. ಫೋನಿನಲ್ಲಿ ನಕ್ಕಿದ್ದ ಮನುಷ್ಯ ಈಗ ಅವರ ಮುಖ ನೋಡಲಾರದೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ.

"ನೀರು ಬಿಡಪ್ಪ, ನೋಡೋಣ" ಎಂದರು ಅವರು.

ಮೇಸ್ತ್ರಿ ಬಚ್ಚಲಿನ ಪೈಪಿಗೆ ಬಕೆಟ್ಟು ಬಗ್ಗಿಸಿದ. ಅವರು ಹೊರಗೆ ಛೇಂಬರಿನ ಗುಂಡಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಮಣ್ಣಿನ ಬಣ್ಣದ ನೀರು ಬಂದು ಮುಂದಿನ ಪೈಪಿಗೆ ಇಳಿದು ಹೋಯಿತು. ಕಸಕಡ್ಡಿಯೂ ನಿಲ್ಲಲಿಲ್ಲ.

"ಹೋಗ್ತಿದೆ ಅಲ್ವೇನೇ?" ಎಂದು ನನ್ನನ್ನು ಕೇಳಿದರು.

"ಹೋಗ್ತಿದೆ ರೀ. ನಿಮ್ಮ ಕಣ್ಣೆದುರಿಗೇ ಹೋಗ್ತಿದೆ."

"ನಂಗೆ ಬರ್ತಿರೋ ಹಾಗೆ ಕಾಣ್ತಿದೆ" ಎಂದರು. ನೀರಿನಲ್ಲಿ ಬೆರಳದ್ದಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. ಬೆರಳಿಗೆ ನೀರಿನ ಎಳೆತ ತಿಳಿಯಿತೋ ಏನೋ, "ಹೌದು, ಹೋಗ್ತಿದೆ" ಎಂದು ಎದ್ದರು. ಮೇಸ್ತ್ರಿ ಟವೆಲಿನಿಂದ ಅವರ ಕೈ ಒರೆಸಿದ.

ಆಪರೇಷನ್ನಿನ ದಿನ ಬೆಳಿಗ್ಗೆ ಅವರ ತಲೆ ಬೋಳಿಸಿದ್ದರು. ನರ್ಸ್ ಬರುವುದು ಇನ್ನೂ ತಡವಿತ್ತು. ನನ್ನನ್ನು ಹತ್ತಿರ ಕರೆದರು.

"ನಂಗೆ ಮೊದಲೇ ಗೊತ್ತಾಗಿತ್ತು ಕಣೇ. ಚಪ್ಪಲಿ ಅದಲುಬದಲು ಹಾಕ್ಕೋತಿದ್ದೆ. ಅಂಕಿ ಬರೆಯೋಕೆ ಹೋದ್ರೆ ಕೈ ನಿಂತು ಹೋಗ್ತಿತ್ತು. ನೀನು ಆ ಕಂಪ್ಯೂಟರಿನಲ್ಲಿ ತಪ್ಪು ಹುಡುಕ್ತಾ ಕೂತಿದ್ಯಲ್ಲ, ಆಗ ಅಲ್ಲೇ ಎಲ್ಲಾದ್ರೂ ಸಿಕ್ಕಿಬಿಡಲಿ ಅಂತ ದೇವರಿಗೆ ಕೈ ಮುಗೀತಿದ್ದೆ."

ಅವರ ಬೋಳುತಲೆಯ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಅವರು ನನ್ನೊಡನೆ ಆಡಿದ ಕೊನೆಯ ನೇರ ಮಾತು ಅದು. ಆಪರೇಷನ್ ಆದ ಮೇಲೆ ಮಾತುಗಳು ಕಲಸಿಹೋದವು. ನೀರು ಬೇಕಾದಾಗ ಬಾಗಿಲು ಎನ್ನುವರು. ನನ್ನನ್ನು ಅವ್ವ ಎಂದು ಕರೆಯುವರು. ನಾನು ಓಗೊಡುತ್ತಿದ್ದೆ. ಕೆಲವು ತಿಂಗಳು ಮನೆಯಲ್ಲಿದ್ದರು. ಒಂದು ಬೆಳಗ್ಗೆ ಗಂಜಿ ಆರಿಸಿಕೊಂಡು ತಂದಾಗ ಉಸಿರು ನಿಂತಿತ್ತು. ಬಾಣಾವರದ ಹತ್ತಿರ ಅವರ ಮನೆತನದ ತೆಂಗಿನ ತೋಟದಲ್ಲಿ, ಮಠದ ಸ್ವಾಮಿಗಳು ಬಂದು ನಿಂತಿರುವಾಗ, ಮಣ್ಣು ಮಾಡಿದೆವು.

ಆಫೀಸು ನಾನೇ ನಡೆಸಬೇಕಾಯಿತು. ಮೊದಲ ಕೆಲಸ ಬೇಲೂರಿನಲ್ಲಿ ಸಿಕ್ಕಿತು. ಸೈಟು ಅಳೆದು ವಾಪಸು ಬರುವಾಗ ಬಸ್ಸು ಹಳೇಬೀಡಿನಲ್ಲಿ ನಿಂತಿತು. ಲಾಡ್ಜಿಗೆ ಹಳದಿ ಬಣ್ಣ ಹೊಡೆದಿದ್ದರು. ಮೇಲಿನ ಕಿಟಕಿಯಲ್ಲಿ ಯಾರದೋ ಒದ್ದೆ ಬಟ್ಟೆ ತೂಗಾಡುತ್ತಿತ್ತು. ಒಳಗೆ ಯಾರೋ ಆರಾಮವಾಗಿ ಸ್ನಾನ ಮಾಡಿದ್ದಾರೆ ಎಂದುಕೊಂಡೆ. ಅಷ್ಟಕ್ಕೇ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಹೂವಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಕಡೆ ತಿರುಗಿದರು.

"ಯಾಕವ್ವ? ಯಾರು ಹೋದ್ರು?"

"ಯಜಮಾನ್ರು."

"ನಮ್ಮೋರೂ ಹೋದ್ರು ಕಣವ್ವ. ಅಳು, ಅತ್ತುಬಿಡು" ಎಂದು ಬುಟ್ಟಿಯನ್ನು ಕಾಲ ಬಳಿ ಇಳಿಸಿ ನನ್ನ ಕೈ ಹಿಡಿದುಕೊಂಡರು. ಜಾವಗಲ್ಲಿನಲ್ಲಿ ಇಳಿದುಹೋದರು. ಅಲ್ಲಿಂದ ಅರಸೀಕೆರೆಯವರೆಗೆ ಆ ಸೀಟಿಗೆ ಬೇರೆ ಯಾರೂ ಬರಲಿಲ್ಲ.