ದೋಣಿಯ ಬಣ್ಣಕ್ಕೆ ಮೀಸೆ ತೆತ್ತದ್ದು

ಮೂವತ್ತೈದು ವರ್ಷ ಜನ ನನ್ನನ್ನು ಗುರುತಿಸಿದ್ದು ಮೀಸೆಯಿಂದಲೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗದಗಿನ ಕಡೆಯಿಂದ ಯಶವಂತಪುರದ ಕಾರ್ಖಾನೆಗೆ ಕೆಲಸಕ್ಕೆ ಬಂದಾಗ ನನ್ನ ಬಳಿ ಇದ್ದದ್ದು ಒಂದು ಟ್ರಂಕು, ಒಂದು ಚೀಲ ಜೋಳದ ಹಿಟ್ಟು ಮತ್ತು ಈ ಗಿರಿಜಾ ಮೀಸೆ. ಹಿಟ್ಟು ಖಾಲಿಯಾಯಿತು, ಟ್ರಂಕಿಗೆ ತುಕ್ಕು ಹಿಡಿಯಿತು, ಮೀಸೆ ಮಾತ್ರ ಬೆಳೆಯುತ್ತಲೇ ಹೋಯಿತು. ಕಾರ್ಖಾನೆಯಲ್ಲಿದ್ದ ಮೂವರು ಪಾಟೀಲರಲ್ಲಿ ‘ಮೀಸೆ ಪಾಟೀಲ’ ಅಂದರೆ ನಾನೇ. ನಿವೃತ್ತನಾಗಿ ಯಲಹಂಕದಾಚೆ ರಾಜಾನುಕುಂಟೆಯ ಹತ್ತಿರ ಮನೆ ಕಟ್ಟಿಕೊಂಡ ಮೇಲೂ ಹಾಲಿನವನಿಗೆ ನನ್ನ ಮನೆಯ ನಂಬರ್ ಗೊತ್ತಿಲ್ಲ, ಮೀಸೆ ಗೊತ್ತು.

ಇಂಥ ಮೀಸೆಗೆ ಗಂಡಾಂತರ ಒದಗಿದ್ದು ಒಂದು ದೋಣಿಯಿಂದ. ಬಡಾವಣೆಯ ಪಕ್ಕದ ಕೆರೆಯಲ್ಲಿ ಕಳೆ ತೆಗೆಯಲೆಂದು ನಾವೊಂದಷ್ಟು ನಿವೃತ್ತರು ಸೇರಿ ಹಳೆಯ ಫೈಬರ್ ದೋಣಿಯೊಂದನ್ನು ಇಟ್ಟುಕೊಂಡಿದ್ದೇವೆ. ಅದರ ಬಣ್ಣ ಕಜ್ಜಿ ಹಿಡಿದ ನಾಯಿಯ ಕೂದಲಿನಂತೆ ಉದುರುತ್ತಿತ್ತು. ಹೊಸ ಬಣ್ಣ ಹೊಡೆಯುವವರು ಯಾರು ಎಂದು ಸಭೆಯಲ್ಲಿ ಪ್ರಶ್ನೆ ಬಂದಾಗ ಎಲ್ಲರಿಗೂ ಏಕಕಾಲಕ್ಕೆ ಸೊಂಟನೋವು ಶುರುವಾಯಿತು. ನಾನು ಮೀಸೆ ತಿರುವಿ “ನಾ ಅದೀನಲ್ಲ” ಎಂದುಬಿಟ್ಟೆ. ಮೀಸೆ ಇದ್ದವರ ತೊಂದರೆಯೇ ಇದು. ಅದು ಒಪ್ಪಿಕೊಂಡ ಕೆಲಸವನ್ನು ಮೈ ಮಾಡಬೇಕಾಗುತ್ತದೆ.

ಸಲಹೆ ಕೇಳಲು ಆರ್.ಟಿ. ನಗರದ ಬಾಷಾ ಭಾಯ್ ಹತ್ತಿರ ಹೋದೆ. ಕಾರುಗಳಿಗೆ ಬಣ್ಣ ಹೊಡೆಯುವುದರಲ್ಲೇ ಆಯುಷ್ಯ ಸವೆಸಿದವರು, ನನ್ನ ಹಳೆಯ ಸ್ಕೂಟರಿಗೆ ಮೂರು ಸಲ ಯೌವನ ಕೊಟ್ಟವರು. ನೀರಿನಲ್ಲಿರುವ ದೋಣಿಗೆ ಬರೀ ಎನಾಮಲ್ ಸಾಲದು, ಹಾರ್ಡನರ್ ಬೆರೆಸಬೇಕು, ಆಗ ಬಣ್ಣ ಕಲ್ಲಿನಂತೆ ಕೂರುತ್ತದೆ ಎಂದರು. ನಾನು ಖುಷಿಯಿಂದ ಏಳುವಷ್ಟರಲ್ಲಿ ಕೈ ಹಿಡಿದು ಕೂರಿಸಿದರು.

“ಮೂಗಿಗೆ ಏನ್ ಹಾಕ್ಕೋತೀರಾ ಸಾರ್?”

ಕೊರೊನಾ ಕಾಲದ ಮಾಸ್ಕುಗಳು ಮನೆಯಲ್ಲಿ ಒಂದು ಡ್ರಾಯರ್ ತುಂಬ ಇವೆ, ಒಂದರ ಮೇಲೊಂದು ಮೂರು ಹಾಕಿಕೊಳ್ಳುತ್ತೇನೆ ಎಂದೆ.

“ಮೂವತ್ತು ಹಾಕ್ಕೊಳ್ಳಿ, ಏನೂ ಉಪ್ಯೋಗ ಇಲ್ಲ. ಅವು ಧೂಳಿಗೆ. ಇದು ಹಬೆ ಸಾರ್, ಸೀದಾ ಒಳಗೆ ಹೋಗ್ತದೆ. ಥಿನ್ನರ್ ವಾಸ್ನೆ ಗೊತ್ತಾಗ್ತದೆ, ಹಾರ್ಡನರ್ ವಿಷ ಗೊತ್ತೇ ಆಗಲ್ಲ. ನಾನು ಇಪ್ಪತ್ತು ವರ್ಷ ಕರ್ಚೀಫ್ ಕಟ್ಕೊಂಡು ಸ್ಪ್ರೇ ಹೊಡ್ದೆ. ಈಗ ಮಸೀದಿ ಮೆಟ್ಲು ಹತ್ತೋಕೆ ಎರಡು ಕಡೆ ಕೂತ್ಕೋಬೇಕು.”

ಅವರು ಇದನ್ನು ಬಸ್ಸಿನ ವೇಳೆ ಹೇಳುವಷ್ಟೇ ಸಹಜವಾಗಿ ಹೇಳಿದರು. ನನಗೆ ಮಾತ್ರ ಸಂಕಟವಾಯಿತು. ಆ ಇಪ್ಪತ್ತು ವರ್ಷದಲ್ಲಿ ನನ್ನ ಸ್ಕೂಟರೂ ಇತ್ತಲ್ಲ.

ಸ್ಪ್ರೇ ಗನ್ ಮುಟ್ಟಲೇಬೇಡಿ, ಅದಕ್ಕೆ ಹೊರಗಿನಿಂದ ಪೈಪಿನಲ್ಲಿ ಗಾಳಿ ಬರುವ ಮುಖವಾಡವೇ ಬೇಕು ಎಂದರು. ಬಯಲಿನಲ್ಲಿ, ಬ್ರಷ್ಷಿನಿಂದ, ಅದೂ ಇದನ್ನು ಹಾಕಿಕೊಂಡು ಹೊಡೆಯಿರಿ ಎಂದು ರಬ್ಬರಿನ ಮಾಸ್ಕೊಂದನ್ನು ಕೊಟ್ಟರು. ಅದಕ್ಕೆ ಕೆನ್ನೆಗೊಂದರಂತೆ ಹಬೆ ಹೀರುವ ಎರಡು ಹೊಸ ಡಬ್ಬಿಗಳಿದ್ದವು. ಡಬ್ಬಿಗಳ ಬಾಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆದರೆ ಮಾಸ್ಕು ಗಪ್ಪೆಂದು ಮುಖಕ್ಕೆ ಕಚ್ಚಿಕೊಳ್ಳಬೇಕಂತೆ. ನಾನು ಎಳೆದೆ. ಎರಡೂ ಕಡೆಯಿಂದ ಗಾಳಿ ಸುಯ್ಯೆಂದು ನುಗ್ಗಿತು. ಮೀಸೆಯ ತುದಿಗಳು ರಬ್ಬರಿನಡಿಯಿಂದ ಆರಾಮವಾಗಿ ಹೊರಗೆ ಇಣುಕುತ್ತಿದ್ದವು.

“ಇದು ತೆಗೀಬೇಕು ಸಾರ್,” ಎಂದರು, ನಜ್ಜಾದ ಬಂಪರ್ ತೋರಿಸುವ ದನಿಯಲ್ಲಿ.

ಹಾಗಾದರೆ ಎದೆಗಿಳಿದ ನಿಮ್ಮ ಈ ಗಡ್ಡಕ್ಕೆ ಏನು ಮಾಡಿದಿರಿ ಎಂದು ಕೆಣಕಿದೆ.

“ಗಡ್ಡ ಇಟ್ಕೊಂಡೆ, ಕೆಲ್ಸ ಬಿಟ್ಟೆ. ನೀವು ಕೆಲ್ಸ ಒಪ್ಕೊಂಡು ಬಂದಿದ್ದೀರಾ.”

ಮನೆಗೆ ಬಂದು ಮೂರು ದಿನ ಉಪಾಯ ಹೂಡಿದೆ. ಕೊಬ್ಬರಿ ಎಣ್ಣೆ ಹಚ್ಚಿ ಮೀಸೆಯನ್ನು ಒಳಗೆ ಮಲಗಿಸಿದೆ, ಮಾಸ್ಕೇ ಗಲ್ಲದವರೆಗೆ ಜಾರಿತು. ಮೈದಾ ಅಂಟು ಹಚ್ಚಿದೆ, ಇರುವೆ ಬಂದವು. ಕೊನೆಗೆ ತುದಿಗಳನ್ನು ಮಡಚಿ ಹೆಂಡತಿಯ ಹೇರ್‌ಪಿನ್ ಸಿಕ್ಕಿಸಿಕೊಂಡು ಊಟಕ್ಕೆ ಕೂತೆ. ಸೀನು ಬಂತು, ಪಿನ್ನು ಸಾರಿಗೆ ಬಿತ್ತು.

“ನಿಮ್ಮ ಮೀಸಿ ನೋಡಿ ನಾ ಏನ್ ಲಗ್ನ ಆಗಿಲ್ರಿ,” ಎಂದಳು ಹೆಂಡತಿ ಶಾಂತಾ, ಸಾರಿನಿಂದ ಪಿನ್ನು ಹೆಕ್ಕುತ್ತ. “ಉಸಿರಾಡೂ ಗಂಡ ಬೇಕಂತ ಆಗೇನಿ.”

ಹಳೆಯ ಕಥೆಯೊಂದಿದೆ. ಕಣ್ಣು, ಕಿವಿ, ಮಾತು, ಮನಸ್ಸು ಎಲ್ಲವೂ ನಾನು ಹೆಚ್ಚು ತಾನು ಹೆಚ್ಚು ಎಂದು ಜಗಳವಾಡಿದವಂತೆ. ಒಂದೊಂದೇ ಮನೆ ಬಿಟ್ಟು ಹೋದರೂ ದೇಹ ಹೇಗೋ ಬದುಕಿತು. ಉಸಿರು ಹೊರಡಲು ಎದ್ದಾಗ ಮಾತ್ರ ಎಲ್ಲವೂ ಓಡಿಬಂದು ಕಾಲಿಗೆ ಬಿದ್ದವು. ಆ ಸಭೆಗೆ ಮೀಸೆಯನ್ನು ಕರೆದೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆ ಊಟದ ತಟ್ಟೆಯ ಮುಂದೆ.

ಮರುದಿನ ಕ್ಷೌರದಂಗಡಿಯಲ್ಲಿ ಕೂತು ತುಟಿಯ ಮೇಲೆ ಕೈಯಾಡಿಸಿ ತೋರಿಸಿದೆ. ಅಂಗಡಿಯವನು ಕತ್ತರಿ ಹಿಡಿದೇ ನಿಂತ. “ಇಂಗೆ ಪೂರ್ತಿ ತೆಗ್ದ್‌ಬುಟ್ರೆ ಆಮ್ಯಾಕೆ ನನ್ ಬೈಬ್ಯಾಡಿ ಸಾ,” ಎಂದ. ನಾನು ಕಣ್ಣು ಮುಚ್ಚಿದೆ. ತೆರೆದಾಗ ಕನ್ನಡಿಯಲ್ಲಿ ನಮ್ಮ ಚಿಕ್ಕಮ್ಮ ಕೂತಿದ್ದಳು. ನಿಜ ಹೇಳುತ್ತೇನೆ, ಅಳು ಬಂತು.

ಮಾಸ್ಕು ಗಪ್ಪೆಂದು ಕಚ್ಚಿಕೊಂಡಿತು. ಕೈಗವಸು, ಕನ್ನಡಕ ತೊಟ್ಟು, ಸುತ್ತ ಸುಳಿದವರನ್ನೆಲ್ಲ ದೂರ ಅಟ್ಟಿ ಬಯಲಲ್ಲಿ ಎರಡು ದಿನ ನೀಲಿ ಬಣ್ಣ ಹೊಡೆದೆ. ಹಾಲಿನವನು ನನ್ನನ್ನೇ ಕೇಳಿದ, “ಯಜಮಾನ್ರು ಊರಲ್ಲಿಲ್ವಾ?”

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ದೋಣಿ ನೋಡಲು ಬಾಷಾ ಭಾಯ್ ಬಂದರು. ಕೆರೆಯ ಗೇಟಿನಿಂದ ದಡಕ್ಕೆ ಬರುವಷ್ಟರಲ್ಲಿ ಎರಡು ಸಲ ಕಲ್ಲಿನ ಮೇಲೆ ಕೂತರು. ದೋಣಿಯ ಅಂಚಿನ ಮೇಲೆ ಬೆರಳಾಡಿಸಿ ತಲೆದೂಗಿದರು. ನಾನು ಅವರನ್ನು ಕೈಹಿಡಿದು ಹತ್ತಿಸಿಕೊಂಡು ನಿಧಾನ ಹುಟ್ಟು ಹಾಕಿದೆ. ನಡುಗೆರೆಯಲ್ಲಿ ಅವರು ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದರು. ಪಾಪ, ತಡೆದುಕೊಳ್ಳಲು ಪ್ರಯತ್ನಪಟ್ಟರು. ಆಮೇಲೆ ನಗು ಒಡೆಯಿತು, ಕಣ್ಣಲ್ಲಿ ನೀರು ಬರುವಂಥ ನಗು. ಆದರೆ ಅದು ಅರ್ಧಕ್ಕೇ ನಿಂತಿತು. ಎದೆ ಹಿಡಿದುಕೊಂಡು, ‘ತಡೀರಿ’ ಎಂಬಂತೆ ಕೈ ಎತ್ತಿ ಉಸಿರು ಹುಡುಕತೊಡಗಿದರು. ನಾನು ಹುಟ್ಟು ನಿಲ್ಲಿಸಿ ಕಾದೆ. ಉಸಿರು ಮರಳಿತು, ನಗು ಮರಳಲಿಲ್ಲ. ಉಳಿದರ್ಧವನ್ನು ಅವರ ಪರವಾಗಿ ನಾನೇ ನಕ್ಕು ಮುಗಿಸಿದೆ.