ಮೈಕಿನಲ್ಲಿ ಕರೆದರೆ ಬೆಚ್ಚುವ ಮನುಷ್ಯ

ಕೊಲ್ಲಿ ದೇಶದ ಫಿಂಟಾಸ್ ಊರಿನ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿನ ಝೊಹರಾ ಮೈಕಿನಲ್ಲಿ ಹೆಸರು ಕರೆದಾಗ, ಬಾಗಿಲಿನಷ್ಟೇ ಅಗಲದ ಅಮೆರಿಕನ್ ಒಬ್ಬ ನನ್ನ ರೂಮಿಗೆ ಬಂದು, “ನನ್ನಿಂದ ಏನಾದರೂ ತಪ್ಪಾಯಿತಾ, ಮೇಡಂ?” ಎಂದು ಕೇಳಿದ.

ಆತ ಹಿಂದೆ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದನಂತೆ. ಹತ್ತು ವರ್ಷದಲ್ಲಿ ಏಳು ತಂಡ, ಒಂದರಲ್ಲೂ ನೆಲೆ ನಿಲ್ಲಲಿಲ್ಲ. ಚೆಂಡು ಒಮ್ಮೆಯೂ ಕೈಗೆ ಬಂದದ್ದಿಲ್ಲ. ಚೆಂಡು ಎಸೆಯುವವನ ಮೇಲೆ ಎದುರಾಳಿಗಳು ಬೀಳದ ಹಾಗೆ ಅಡ್ಡ ನಿಲ್ಲುವುದೇ ಆತನ ಕೆಲಸ.

“ಸರಿಯಾಗಿ ನಿಂತರೆ ಯಾರೂ ನೋಡುವುದಿಲ್ಲ. ತಪ್ಪಿದರೆ ಮಾತ್ರ ರೆಫರಿ ಇಡೀ ಸ್ಟೇಡಿಯಮ್ಮಿಗೆ ಮೈಕಿನಲ್ಲಿ ಹೇಳುತ್ತಾನೆ,” ಎಂದ.

ಈಗ ಇಲ್ಲಿನ ಶಾಲೆಯೊಂದರಲ್ಲಿ ಕೋಚ್ ಕೆಲಸ ಸಿಕ್ಕಿತ್ತು. ಆದರೆ ಮೊಣಕಾಲು ಪರವಾಗಿಲ್ಲ ಎಂದು ನಾನು ಬರೆದುಕೊಡಬೇಕಿತ್ತು. ನಡೆಯಲು ಹೇಳಿದೆ, ಕುಂಟಿದ. ನಾನು ಪೆನ್ನು ಕೆಳಗಿಟ್ಟೆ.

“ಹಿಂದಕ್ಕೆ ನಡೆದು ತೋರಿಸಲಾ? ಅಡ್ಡ ನಿಲ್ಲುವ ನಾವು ದುಡಿದದ್ದೆಲ್ಲ ಹಿಂದಕ್ಕೆ ಹೆಜ್ಜೆ ಇಡುತ್ತಲೇ.”

ಮಂಡಿ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಕಾರಿಡಾರಿನ ಉದ್ದಕ್ಕೂ ಬೆಕ್ಕಿನ ಹಾಗೆ ಹಿಂದೆ ಹಿಂದೆ ಹೋದ. ಗೋಡೆ ಬದಿಯ ನೀರಿನ ಕ್ಯಾನಿಗೂ ಮೈ ತಾಗಿಸಲಿಲ್ಲ.

“ಓಡುವುದು ಬೇಡ, ನಿಂತು ಕಲಿಸಲು ಅಡ್ಡಿಯಿಲ್ಲ” ಎಂದು ಬರೆದೆ. ಆಮೇಲೆ ಝೊಹರಾಳ ಮೈಕ್ ನಾನೇ ಹಿಡಿದು, ಆತನ ಹೆಸರು ಕರೆದು, “ಯಾವ ತಪ್ಪೂ ಇಲ್ಲ, ನಿಮ್ಮ ಕಾಗದ ರೆಡಿ,” ಎಂದೆ. ಸೊಂಟನೋವಿಗೆ ಬಂದಿದ್ದ ಅಜ್ಜಿಯೊಬ್ಬರು ಯಾಕೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಆತನ ಕಿವಿ ಕೆಂಪಾಯಿತು.

ಹೆಸರು ಕರೆದರೆ ತಪ್ಪಾಯಿತೇನೋ ಎಂದು ಬೆಚ್ಚುವ ಆ ಸಂಕಟ ನನಗೂ ಗೊತ್ತು. ನಮ್ಮ ಮನೆಯಲ್ಲಿ ಊಟದ ಮೇಜಿನಿಂದ ನನ್ನ ಹೆಸರು ಜೋರಾಗಿ ಕೇಳಿಸುವುದು ಮೀನುಸಾರಿಗೆ ಉಪ್ಪು ಕಡಿಮೆಯಾದ ದಿನ ಮಾತ್ರ.